ಇಬ್ಬರೂ "ಕೋರ್ಟೇ ಹೇಳಿದೆ" ಅಂದರೆ ಯಾರನ್ನು ನಂಬೋದು? – ವಕೀಲರನ್ನು ಕೇಳಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಕಾಲೇಜಿನ ಹಳೇ ಗೆಳೆಯರು, ಹತ್ತು ಜನ. ತಿಂಗಳಿಗೊಮ್ಮೆ ಸೇರುತ್ತೇವೆ. ಮೊದಲೆಲ್ಲ ಸಿನಿಮಾ, ಕ್ರಿಕೆಟ್ ಮಾತಾಡುತ್ತಿದ್ದೆವು. ಈಗ ಕುಳಿತ ಹತ್ತು ನಿಮಿಷಕ್ಕೆ ರಾಜದ್ರೋಹ, ಹಿಜಾಬ್, ಪೌರತ್ವ ಕಾಯ್ದೆ, ಯಾವುದಾದರೂ ಒಂದು ಶುರುವಾಗುತ್ತದೆ. ಕಳೆದ ಸಲ ಇಬ್ಬರು ಮಾತು ಬಿಟ್ಟರು. ವಿಚಿತ್ರ ಅಂದರೆ ಇಬ್ಬರೂ "ಕೋರ್ಟೇ ಹೇಳಿದೆ" ಅಂತಲೇ ಕೂಗಾಡುತ್ತಿದ್ದರು. ನೀವು ದಿನಾ ವಾದ ಮಾಡುವವರು. ಎದುರು ವಕೀಲರ ಜೊತೆ ನಿಮಗೂ ಹೀಗೇ ಆಗುತ್ತದಾ?

ಉತ್ತರ: ಒಮ್ಮೊಮ್ಮೆ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಕೋರ್ಟಿನ ಪದ್ಧತಿಯೇ ನಮ್ಮನ್ನು ಜಾಸ್ತಿ ದೂರ ಹೋಗಲು ಬಿಡುವುದಿಲ್ಲ.

ಒಂದು ಸಿವಿಲ್ ದಾವೆ ತೆಗೆದುಕೊಳ್ಳಿ. ವಾದಿ ತನ್ನ ಮಾತನ್ನು ಬರೆದು ಕೊಡುತ್ತಾನೆ. ಪ್ರತಿವಾದಿ ಅದಕ್ಕೆ ಒಂದೊಂದೇ ಪ್ಯಾರಾ ಹಿಡಿದು ಉತ್ತರ ಬರೆಯಬೇಕು: ಇದು ನಿಜ, ಇದು ಸುಳ್ಳು. ಸ್ಪಷ್ಟವಾಗಿ ಅಲ್ಲಗಳೆಯದ ಮಾತನ್ನು ಸಾಮಾನ್ಯವಾಗಿ ಒಪ್ಪಿಕೊಂಡ ಹಾಗೇ ಲೆಕ್ಕ. ಒಪ್ಪಿಕೊಂಡದ್ದನ್ನು ಮತ್ತೆ ಸಾಬೀತು ಮಾಡಬೇಕಿಲ್ಲ. ಇದೆಲ್ಲ ಆದ ಮೇಲೆ ನ್ಯಾಯಾಧೀಶರು 'ಇಶ್ಯೂ' ಬರೆಯುತ್ತಾರೆ. ಕನ್ನಡದಲ್ಲಿ ವಿವಾದಾಂಶ ಅನ್ನುತ್ತೇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೇ ಆದೇಶ ಪೂರ್ತಿ ಇದಕ್ಕೇ ಮೀಸಲು. ಸಾಕ್ಷಿ, ವಾದ ಎಲ್ಲ ಅದಾದ ನಂತರ. ಬೇರೆ ಏನಾದರೂ ಮಾತಾಡಿದರೆ "ಯಾವ ಇಶ್ಯೂ ಮೇಲೆ ಮಾತಾಡುತ್ತಿದ್ದೀರಿ?" ಅಂತ ಮೇಲಿನಿಂದ ಪ್ರಶ್ನೆ ಬರುತ್ತದೆ. ನಾನೂ ಹಾಗೆ ಕೇಳಿಸಿಕೊಂಡಿದ್ದೇನೆ.

ನಿಮ್ಮ ಗೆಳೆಯರು ವಿವಾದಾಂಶ ಬರೆಯದೆ ನೇರ ವಾದಕ್ಕೇ ಇಳಿಯುತ್ತಾರೆ. ಅಲ್ಲೇ ಎಡವಟ್ಟು. ಇಂಥ ಜಗಳದಲ್ಲಿ ಮೂರು ಪ್ರಶ್ನೆ ಗಂಟು ಬಿದ್ದಿರುತ್ತವೆ. ಏನು ನಡೆಯಿತು? ಕಾನೂನು ಇವತ್ತು ಏನು ಹೇಳುತ್ತದೆ? ಕಾನೂನು ಹೇಗಿರಬೇಕು? ಒಬ್ಬ ಎರಡನೆಯದಕ್ಕೆ ಉತ್ತರ ಕೊಡುತ್ತಿರುತ್ತಾನೆ, ಇನ್ನೊಬ್ಬ ಮೂರನೆಯದಕ್ಕೆ.

ರಾಜದ್ರೋಹವನ್ನೇ ನೋಡಿ. 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಸಿಂಧು ಅಂದಿತು. ಆದರೆ ಹಿಂಸೆಗೋ ಗಲಭೆಗೋ ಪ್ರಚೋದನೆ ಕೊಡುವ ಮಾತಿಗೆ ಮಾತ್ರ, ಸರ್ಕಾರವನ್ನು ಬೈದಿದ್ದಕ್ಕಲ್ಲ. 2022ರ ಮೇ 11ರಂದು ಅದೇ ಕೋರ್ಟ್ ಆ ಕಲಂ ಬಳಕೆಗೆ ತಡೆ ಹಾಕಿತು. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ ರಾಜದ್ರೋಹ ಅನ್ನುವ ಪದ ಇಲ್ಲ. ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಕ್ಕೆ 152ನೇ ಕಲಂ ಇದೆ. ಈಗ ಹೇಳಿ, "ಕೋರ್ಟೇ ಹೇಳಿದೆ" ಅಂದವರಲ್ಲಿ ಒಬ್ಬರು 1962ರಲ್ಲಿ ನಿಂತಿದ್ದರೆ, ಇನ್ನೊಬ್ಬರು 2022ರಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಹಿಜಾಬ್ ವಿಷಯ ಇನ್ನೂ ತಮಾಷೆ. ಕರ್ನಾಟಕ ಹೈಕೋರ್ಟ್ 2022ರ ಮಾರ್ಚ್ 15ರಂದು ಸರ್ಕಾರದ ಸಮವಸ್ತ್ರ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ್ ಗುಪ್ತಾ ಅವರು ಮೇಲ್ಮನವಿ ವಜಾ ಮಾಡಿದರು, ಸುಧಾಂಶು ಧೂಲಿಯಾ ಅವರು ಪುರಸ್ಕರಿಸಿದರು. ಒಂದಕ್ಕೆ ಒಂದು. ದೊಡ್ಡ ಪೀಠಕ್ಕೆ ಹೋಗಲಿ ಅಂತ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟರು. ಹೀಗಾದಾಗ ಹೈಕೋರ್ಟ್ ಹೇಳಿದ್ದು ಜಾರಿಯಲ್ಲಿ ಉಳಿಯುತ್ತದೆ, ಆದರೆ ಅದೇ ಕೊನೇ ಮಾತಲ್ಲ. ಅವತ್ತು ಎರಡೂ ಕಡೆಯವರು "ಗೆದ್ದೆವು" ಅಂದಿದ್ದನ್ನು ನಾನೇ ಕೇಳಿದ್ದೇನೆ.

ಇನ್ನೊಬ್ಬ ಸದಸ್ಯರು: ಮೇಡಂ, ಪೇಪರಿನಲ್ಲಿ 'ಹೈಕೋರ್ಟ್ ಛೀಮಾರಿ' ಅಂತ ದಪ್ಪಕ್ಷರದಲ್ಲಿ ಬರುತ್ತದಲ್ಲ, ಅದನ್ನು ತೋರಿಸಿದರೆ ಸಾಕಲ್ವಾ?

ಉತ್ತರ: ಸಾಲದು. ಛೀಮಾರಿ ಆದೇಶವಲ್ಲ. 2021ರಲ್ಲಿ ಕೋವಿಡ್ ಹೊತ್ತಿನ ಚುನಾವಣಾ ಪ್ರಚಾರದ ಬಗ್ಗೆ ವಿಚಾರಣೆ ನಡೆಯುವಾಗ, ಚುನಾವಣಾ ಆಯೋಗದ ಮೇಲೆ ಕೊಲೆ ಕೇಸು ಹಾಕಬೇಕೇನೋ ಅನ್ನುವ ಮಾತು ಮದ್ರಾಸ್ ಹೈಕೋರ್ಟಿನಲ್ಲಿ ಬಂತು. ದೇಶ ಪೂರ್ತಿ ಸುದ್ದಿ. ಆಯೋಗ ಆ ಮಾತು ತೆಗೆಸಲು ಸುಪ್ರೀಂ ಕೋರ್ಟಿಗೆ ಹೋಯಿತು. ಮಾತು ಕಟುವಾಯಿತು ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಆದರೆ ಬಾಯಿಮಾತಿನಲ್ಲಿ ಹೇಳಿದ್ದು ಕೋರ್ಟಿನ ದಾಖಲೆಯಲ್ಲೇ ಇಲ್ಲ, ಇಲ್ಲದ್ದನ್ನು ತೆಗೆಯುವುದು ಹೇಗೆ ಅಂದಿತು. ಮಾಧ್ಯಮ ಅದನ್ನು ವರದಿ ಮಾಡಬಾರದು ಅನ್ನುವ ವಾದವನ್ನೂ ಒಪ್ಪಲಿಲ್ಲ. ಅಂದರೆ ಸುದ್ದಿ ನಿಜ, ತೀರ್ಪು ಮಾತ್ರ ಅದಲ್ಲ.

ಜಾಮೀನು ಸಿಕ್ಕಿತು ಅಂದರೆ ನಿರ್ದೋಷಿ ಅಂತಲ್ಲ, ಎಫ್‌ಐಆರ್ ಆಯಿತು ಅಂದರೆ ಅಪರಾಧಿ ಅಂತಲೂ ಅಲ್ಲ. ಇವೆರಡು ತಪ್ಪೇ ನನ್ನ ಪ್ರಕಾರ ಅರ್ಧ ಜಗಳಕ್ಕೆ ಕಾರಣ.

ಸುಪ್ರೀಂ ಕೋರ್ಟ್ ತೀರ್ಪುಗಳು ಇ-ಎಸ್‌ಸಿಆರ್ ತಾಣದಲ್ಲಿ ಬಿಟ್ಟಿ ಸಿಗುತ್ತವೆ, ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಕಾಯ್ದೆ ಬೇಕಾದರೆ ಇಂಡಿಯಾ ಕೋಡ್ ತಾಣ ನೋಡಿ. ತೀರ್ಪನ್ನು ಮೊದಲ ಪುಟದಿಂದ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಕೊನೆಯ ಪುಟದಲ್ಲಿ ಏನು ಆದೇಶ ಆಗಿದೆ ನೋಡಿ, ಆಮೇಲೆ ಹಿಂದಕ್ಕೆ ಬನ್ನಿ. ಇನ್ನೊಂದು, ಯಾರಾದರೂ ಒಂದೇ ಒಂದು ಸಾಲು ಕತ್ತರಿಸಿ ತಂದರೆ ಅದು ಯಾರು ಬರೆದ ಸಾಲು ಅಂತ ಕೇಳಿ. 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು ಕುಳಿತು 11 ತೀರ್ಪು ಬರೆದರು. ಗೆದ್ದಿದ್ದು 7-6ರಲ್ಲಿ. ಅದರೊಳಗೆ ಹುಡುಕಿದರೆ ಯಾರಿಗೆ ಬೇಕಾದ ಸಾಲೂ ಸಿಗುತ್ತದೆ.

ಅದೇ ಸದಸ್ಯರು: ಹಾಗಾದರೆ ಅಲ್ಪಮತದ ತೀರ್ಪಿಗೆ ಬೆಲೆಯೇ ಇಲ್ವಾ?

ಉತ್ತರ: ಇವತ್ತಿನ ಕಾನೂನು ಅಂತ ಅದನ್ನು ಹೇಳುವ ಹಾಗಿಲ್ಲ. ಬೆಲೆ ಇದೆ. 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ಬಂಧನ ಪ್ರಶ್ನಿಸಿ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಅಂತ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮರುವರ್ಷ ಅವರನ್ನು ದಾಟಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟರು. 2017ರ ಆಗಸ್ಟ್ 24ರ ಖಾಸಗಿತನದ ತೀರ್ಪಿನಲ್ಲಿ ಒಂಬತ್ತು ಜನರ ಪೀಠ 1976ರ ತೀರ್ಪನ್ನು ತಪ್ಪು ಅಂತ ಕೈಬಿಟ್ಟಿತು. ಹಾಗೆ ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ಆ ನಾಲ್ವರಲ್ಲಿ ಒಬ್ಬರು. ನಿಮ್ಮ ಗುಂಪಿನಲ್ಲಿ ಯಾರಾದರೂ ಅಲ್ಪಮತದ ತೀರ್ಪು ತಂದರೆ ತಳ್ಳಿಹಾಕಬೇಡಿ. "ಇದು ಮೂರನೇ ಪ್ರಶ್ನೆಗೆ ಉತ್ತರ, ಎರಡನೆಯದಕ್ಕಲ್ಲ" ಅನ್ನಿ, ಸಾಕು.

ಪ್ರಶ್ನೆ: ತೀರ್ಪು ಸರಿಯಿಲ್ಲ ಅಂತ ಮಾತಾಡಿದರೆ ನ್ಯಾಯಾಂಗ ನಿಂದನೆ ಆಗುತ್ತದೆ ಅಂತ ಒಬ್ಬರು ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ಇಲ್ಲ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಕಲಂ ಓದಿ. ಮುಗಿದು ತೀರ್ಮಾನವಾದ ಪ್ರಕರಣದ ಬಗ್ಗೆ ನ್ಯಾಯವಾಗಿ ಟೀಕೆ ಮಾಡಿದರೆ ಅದು ನಿಂದನೆ ಅಲ್ಲ. "ಈ ತರ್ಕ ಒಪ್ಪಲಾಗದು, ಯಾಕೆಂದರೆ..." ಅನ್ನಿ, ಧಾರಾಳವಾಗಿ. "ದುಡ್ಡು ತಿಂದು ಬರೆದಿದ್ದಾರೆ" ಅಂದರೆ ಅದು ಟೀಕೆಯಲ್ಲ, ಆರೋಪ. ಅದಕ್ಕೆ ಬೇರೆಯೇ ಲೆಕ್ಕ.

ಮಾತಿನ ಗೆರೆ ಎಲ್ಲಿದೆ ಅಂತ ತಿಳಿಯಲು 2015ರ ಶ್ರೇಯಾ ಸಿಂಘಾಲ್ ತೀರ್ಪು ನೋಡಿ. ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಅನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ರದ್ದಾಗಿದ್ದು ಅದರಲ್ಲೇ. ಚರ್ಚೆ ಒಂದು, ಒಂದು ವಿಚಾರದ ಪರ ವಾದ ಮಾಡುವುದು ಇನ್ನೊಂದು, ಪ್ರಚೋದನೆ ಮತ್ತೊಂದು ಅಂತ ಅಲ್ಲಿ ಬಿಡಿಸಿ ಹೇಳಿದ್ದಾರೆ. ಮೊದಲ ಎರಡು ಎಷ್ಟೇ ಜನಕ್ಕೆ ಹಿಡಿಸದಿದ್ದರೂ ಸಂವಿಧಾನದ 19ನೇ ವಿಧಿಯ ರಕ್ಷಣೆಯಲ್ಲಿವೆ. ಮೂರನೆಯದಕ್ಕೆ ಬಂದಾಗಲೇ ನಿರ್ಬಂಧದ ಮಾತು. ಕಾಗದದ ಮೇಲೆ ಸುಲಭ. ಆದರೆ ರದ್ದಾದ ಮೇಲೂ ವರ್ಷಗಟ್ಟಲೆ ಪೊಲೀಸರು 66ಎ ಅಡಿ ಕೇಸು ಹಾಕುತ್ತಲೇ ಇದ್ದರು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಹಾಗಾಗಿ "ಕಾನೂನು ನನ್ನ ಕಡೆ ಇದೆ" ಅಂತ ಬಾಯಿಗೆ ಬಂದದ್ದು ಹೇಳಬೇಡಿ. ಗೆದ್ದರೂ ಅಲೆದಾಟ ಅಲೆದಾಟವೇ.

ಜಗಳದ ಮಧ್ಯೆ ಕಲಂ ನಂಬರ್ ಎಸೆಯುವವರಿಗೂ ಒಂದು ಮಾತು. "ಅವನಿಗೆ 302 ಹಾಕಬೇಕು" ಅಂತ ಇನ್ನೂ ಕೇಳುತ್ತಿರುತ್ತೇನೆ. ಹೊಸ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಂ. 302 ಅಂದರೆ ಬೇಕಂತಲೇ ಧಾರ್ಮಿಕ ಭಾವನೆ ನೋಯಿಸುವ ಮಾತಾಡುವುದು! ನಾನೇ ಹೊಸದರಲ್ಲಿ ಒಂದು ಅರ್ಜಿಯಲ್ಲಿ ಹಳೇ ನಂಬರ್ ಬರೆದು ನಗೆಪಾಟಲಾಗಿದ್ದೆ.

ಪ್ರಶ್ನೆ: ಮೇಡಂ, ನಾನು ನಮ್ಮ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್. ಯಾರೋ ಏನೋ ಹಾಕಿದರೆ ನನ್ನ ತಲೆಗೆ ಬರುತ್ತದಾ?

ಉತ್ತರ: ಅಡ್ಮಿನ್ ಆದ ಮಾತ್ರಕ್ಕೆ ಬರುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನೇ ಹೇಳಿವೆ. ಬೇರೆಯವರು ಏನು ಹಾಕುತ್ತಾರೆ ಅಂತ ಅಡ್ಮಿನ್‌ಗೆ ಮೊದಲೇ ಗೊತ್ತಿರುವುದಿಲ್ಲ, ತಡೆಯುವ ದಾರಿಯೂ ಇಲ್ಲ ಅನ್ನುವುದು ಕಾರಣ. ಆದರೆ ನೀವೂ ಸೇರಿ ಸಂಚು ಮಾಡಿದರೆ, ಅಥವಾ ಅದನ್ನೇ ನೀವು ಮುಂದಕ್ಕೆ ಕಳಿಸಿದರೆ, ಆಗ ನೀವು ಅಡ್ಮಿನ್ ಅಲ್ಲ, ಕಳಿಸಿದವರು. ಗುಂಪು ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದಕ್ಕೆ ಹೊಸ ಸಂಹಿತೆಯ 196ನೇ ಕಲಂ, ಗಲಭೆ ಎಬ್ಬಿಸುವಂಥ ಸುಳ್ಳು ಸುದ್ದಿಗೆ 353. ಎರಡರಲ್ಲೂ ಮೂರು ವರ್ಷದವರೆಗೆ ಶಿಕ್ಷೆ ಇದೆ. ನಾನಾಗಿದ್ದರೆ ಅಂಥದ್ದನ್ನು ಅಳಿಸಿ, ಹಾಕಿದವರಿಗೆ ಫೋನ್ ಮಾಡಿ ಹೇಳುತ್ತಿದ್ದೆ. ಎಲ್ಲರೆದುರು ಬೈದರೆ ಅವರು ಇನ್ನೆರಡು ಹಾಕುತ್ತಾರೆ.

ಮೊದಲು ಕೇಳಿದವರು: ಮೇಡಂ, ನೀವು ಹೇಳಿದ್ದೆಲ್ಲ ಸರಿ. ಆದರೆ ನಮ್ಮಲ್ಲಿ ಒಬ್ಬನಿದ್ದಾನೆ. ತೀರ್ಪಿನ ಕೊನೇ ಪುಟ ತಂದು ಮುಖಕ್ಕೆ ಹಿಡಿದರೂ ಒಪ್ಪುವ ಆಸಾಮಿಯಲ್ಲ. ಏನು ಮಾಡೋದು?

ಉತ್ತರ: ಒಪ್ಪಿಸಲು ಹೋಗಬೇಡಿ. ನಾನು ಇಷ್ಟು ವರ್ಷ ವಾದ ಮಾಡಿದ್ದೇನೆ, "ಹೌದು ಮೇಡಂ, ನೀವೇ ಸರಿ" ಅಂದ ಎದುರು ವಕೀಲರನ್ನು ಇವತ್ತಿನವರೆಗೂ ಕಂಡಿಲ್ಲ. ಕೋರ್ಟಿನಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡಿ ವಾದ ಮಾಡುವುದೇ ಇಲ್ಲ, ಪೀಠದ ಕಡೆ ತಿರುಗಿ ಮಾತಾಡುತ್ತೇವೆ. ಅದಕ್ಕೇ ಸಂಜೆ ಇಬ್ಬರೂ ಒಟ್ಟಿಗೆ ಹೊರಗೆ ಬರಲು ಆಗುತ್ತದೆ. ನಿಮ್ಮ ಗುಂಪಿನಲ್ಲಿ ಹತ್ತು ಜನ ಇದ್ದೀರಿ. ಅವನೂ ನೀವೂ ಬಿಟ್ಟರೆ ಎಂಟು ಜನ ಸುಮ್ನೆ ಕೇಳುತ್ತಾ ಕುಳಿತಿರುತ್ತಾರೆ. ನಿಮ್ಮ ಮಾತು ಅವರಿಗಿರಲಿ. ದನಿ ತಾನಾಗೇ ಇಳಿಯುತ್ತದೆ, ನೋಡಿ.

ಮತ್ತೆ, ಹೋಗುವ ಮೊದಲು ಅವನ ವಾದವನ್ನು ನೀವೇ ನಾಲ್ಕು ಸಾಲು ಬರೆಯಿರಿ. ಅವನು ಓದಿ "ಹೌದು, ನಾನು ಹೇಳುವುದು ಇದೇ" ಅನ್ನಬೇಕು, ಹಾಗೆ. ನಮ್ಮ ಸೀನಿಯರ್ ನನಗೆ ಕಲಿಸಿದ ಮೊದಲ ಕೆಲಸ ಅದು. ಒಂದೆರಡು ಸಲ ಬರೆಯುತ್ತಾ ಬರೆಯುತ್ತಾ ನಮ್ಮ ಕೇಸೇ ಸೊರಗಿದೆ ಅಂತ ಗೊತ್ತಾಗಿ, ಕಕ್ಷಿದಾರರಿಗೆ ರಾಜಿ ಮಾಡಿಕೊಳ್ಳಿ ಅಂದಿದ್ದೂ ಇದೆ.

ಮೊದಲು ಕೇಳಿದವರು (ಮೂರು ವಾರದ ನಂತರ): ಮೇಡಂ, ಮೊನ್ನೆ ಸೇರಿದ್ದೆವು. ಒಂದು ಹಾಳೆ ಇಟ್ಟುಕೊಂಡು ವಿವಾದಾಂಶ ಬರೆದೆವು. ಬರೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು! ಮೂರು ಬಂತು. ಮೊದಲೆರಡು ಮೊಬೈಲಿನಲ್ಲೇ ನೋಡಿ ಬಗೆಹರಿಯಿತು. ಒಂದರಲ್ಲಿ ನಾನೇ ತಪ್ಪು. ಮಾತು ಬಿಟ್ಟಿದ್ದ ಇಬ್ಬರೂ ಬಂದಿದ್ದರು. ಮೂರನೆಯದಕ್ಕೆ ರಾತ್ರಿ ಹನ್ನೊಂದರವರೆಗೆ ಕಿತ್ತಾಡಿದರು.

ಉತ್ತರ: ಮೂರನೆಯದು ಏನಿತ್ತು?

ಮೊದಲು ಕೇಳಿದವರು: ಇಂಥ ಕಾನೂನು ಇರಬೇಕಾ ಬೇಡವಾ ಅಂತ.

ಉತ್ತರ: ಅದಕ್ಕೆ ವಕೀಲರು ಬೇಡ. ಮುಂದಿನ ತಿಂಗಳಿಗೂ ಇಟ್ಟುಕೊಳ್ಳಿ.