ಅಪ್‌ಡೇಟ್: ಕುನ್ ಶಿಖರಾರೋಹಣದಿಂದ ಮರಳಿದ್ದೇನೆ

ಲಡಾಖಿನ ಸುರು ಕಣಿವೆಯ 7,077 ಮೀಟರ್ ಎತ್ತರದ ಕುನ್ ಶಿಖರವನ್ನು ಮಾರ್ಗದರ್ಶಕರ ತಂಡದೊಂದಿಗೆ ಏರಲು, ಹಿಂದೆ ಒಂದು 6,000 ಮೀಟರಿನ ಶಿಖರ ಹತ್ತಿದ ಅನುಭವ ಸಾಕೇ ಎಂದು ಇಲ್ಲಿ ಕೇಳಿದ್ದೆ. ಹೆಚ್ಚು ದಿನಗಳ ಕಾರ್ಯಕ್ರಮವನ್ನೇ ಆರಿಸಿಕೊಳ್ಳಿ ಎಂದು ಸಲಹೆ ನೀಡಿದವರಿಗೆ ನಾನು ಋಣಿ.

ನಾನು ತುದಿ ಮುಟ್ಟಲಿಲ್ಲ. ಮೇಲಿನ ಶಿಬಿರಕ್ಕೆ ಸಾಮಾನು ಹೊತ್ತು ಹೋಗಿ, ಮಲಗಲು ಕೆಳಗಿಳಿಯುವ ಕ್ರಮವನ್ನು ತಪ್ಪದೆ ಪಾಲಿಸಿದ್ದರಿಂದ ದೇಹ ಎತ್ತರಕ್ಕೆ ಹೊಂದಿಕೊಂಡು ತಲೆನೋವು ಕಾಡಲಿಲ್ಲ. ಆದರೆ ಸಮುದ್ರಮಟ್ಟಕ್ಕಿಂತ ಗಾಳಿಯ ಒತ್ತಡ ಅರ್ಧಕ್ಕೂ ಕಡಿಮೆಯಿರುವ ಆ ಎತ್ತರದಲ್ಲಿ ಕಡಿದಾದ ಹಿಮದ ಗೋಡೆಯನ್ನು ಹಗ್ಗ ಹಿಡಿದು ಏರುವುದು ನಾನೆಣಿಸಿದ್ದಕ್ಕಿಂತ ಬಹಳ ಕಠಿಣವಾಗಿತ್ತು. ಹಗ್ಗಕ್ಕೆ ಮಂಜುಗಡ್ಡೆ ಕಟ್ಟಿ ಜುಮಾರಿನ (ಹಗ್ಗವನ್ನು ಕಚ್ಚಿಕೊಂಡು ಮೇಲಕ್ಕೆ ಮಾತ್ರ ಸರಿಯುವ ಹಿಡಿಕೆಯ) ಹಲ್ಲುಗಳು ಕಚ್ಚದೆ ಜಾರುತ್ತಿದ್ದವು. ಪ್ರತಿ ಬಾರಿಯೂ ನಿಂತು, ದಪ್ಪ ಕೈಗವಸು ತೆಗೆದು, ಹಲ್ಲುಗಳ ನಡುವಿನ ಹಿಮವನ್ನು ಉಗುರಿನಿಂದ ಕೆರೆಯಬೇಕಾಗುತ್ತಿತ್ತು. ಶಿಖರದ ದಿನ ಬಲಗೈಯ ಎರಡು ಬೆರಳುಗಳು ಬಿಳಿಚಿ ಸ್ಪರ್ಶ ಕಳೆದುಕೊಂಡಾಗ ಮಾರ್ಗದರ್ಶಕರು ಚರ್ಚೆಗೆ ಆಸ್ಪದ ಕೊಡದೆ ನನ್ನನ್ನು ಹಿಂದಿರುಗಿಸಿದರು. ಆ ಕ್ಷಣ ಅತ್ತದ್ದು ನಿಜ, ಆದರೂ ಅವರ ನಿರ್ಧಾರ ಸರಿಯಾಗಿತ್ತು. ಬೆರಳುಗಳು ಈಗ ಸಂಪೂರ್ಣ ಗುಣವಾಗಿವೆ.

1913ರಲ್ಲಿ ಮಾರಿಯೋ ಪಿಯಾಚೆಂಜಾ ಅವರ ಇಟಾಲಿಯನ್ ತಂಡ ಇದೇ ಶಿಖರವನ್ನು ಮೊದಲ ಬಾರಿಗೆ ಏರಿತೆಂಬುದು, ಆ ಗೋಡೆಯನ್ನು ಕಂಡ ಮೇಲೆ ನನಗೆ ಇನ್ನಷ್ಟು ವಿಸ್ಮಯ ತರಿಸಿದೆ.

ಹೋಗುವವರು ಕೈಗವಸು ಧರಿಸಿಕೊಂಡೇ ಜುಮಾರನ್ನು ಹಗ್ಗಕ್ಕೆ ಸಿಕ್ಕಿಸಿ ಬಿಡಿಸುವುದನ್ನು ಊರಿನಲ್ಲಿಯೇ ರೂಢಿಸಿಕೊಳ್ಳಿ, ಒಳಗವಸುಗಳ ಎರಡನೆಯ ಜೋಡಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳಿ.