ಡಿಸೆಂಬರ್ ಕೊನೆಗೆ ಕಡಲೆ ಬಿತ್ತಬಹುದಾ?

ಯಲಹಂಕದ ಕಡೆ ನಮ್ಮದೊಂದು ಖಾಲಿ ಸೈಟ್ ಇದೆ, ಕೆಂಪು ಮಣ್ಣು. ಕಡಲೆ ಹಾಕುವ ಆಸೆ. ಬಿಡುವು ಸಿಗುವುದು ಡಿಸೆಂಬರ್ ಕೊನೆಗೆ. ಹೇಗೂ ಚಳಿ ಬೆಳೆ ಅಲ್ವಾ, ನಡೆಯುತ್ತಾ? ಬೆಳೆದವರು ಹೇಳಿ.

ಗದಗಿನವ:
ಗಿಡ ಬರುತ್ತದೆ ಸರ್, ಕಾಯಿ ಕಮ್ಮಿ. ನಮ್ಮೂರ ಎರೆ (ಕಪ್ಪು ಮಣ್ಣು) ಹೊಲದಲ್ಲಿ ಚಿತ್ತಿ ಮಳೆಗೆ ಕೂರಿಗೆ ಹೂಡಿದರೆ ಸ್ವಾತಿ ಮುಗಿಯುವುದರೊಳಗೆ ಬಿತ್ತನೆ ಮುಗಿಯಬೇಕು. ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರ. ಚಳಿ ಬೇಕಾಗಿರುವುದು ಬೀಜಕ್ಕಲ್ಲ, ಹೂವಿಗೆ. ಬಿತ್ತಿದ ಸುಮಾರು 40-45 ದಿನಕ್ಕೆ ಹೂ ಬರುತ್ತದೆ. ಅಕ್ಟೋಬರ್‌ನಲ್ಲಿ ಬಿತ್ತಿದರೆ ಹೂವಿಗೆ ಡಿಸೆಂಬರ್ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ ಹೂ ಫೆಬ್ರವರಿಗೆ, ಕಾಳು ತುಂಬುವುದು ಮಾರ್ಚ್ ಬಿಸಿಲಿಗೆ. ಹೂ ಬಿಟ್ಟಾಗ ಬಿಸಿಲು 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಹೂ ಉದುರುತ್ತದೆ. ಕಟ್ಟಿದ ಕಾಯಿಯಲ್ಲೂ ಕಾಳು ಜೊಳ್ಳು. ಗಿಡ ಅವಸರಕ್ಕೆ ಬಿದ್ದು ಬೇಗ ಒಣಗುತ್ತದೆ.
ಹಾಗಂತ ತೀರಾ ಮುಂಚೆಯೂ ಬೇಡ. ಭೂಮಿ ಇನ್ನೂ ಬಿಸಿ ಇರುವಾಗ ಬಿತ್ತಿದರೆ ಸೊರಗು ರೋಗ ಜಾಸ್ತಿ.

ಹೆಸರಘಟ್ಟ ತೋಟ:
ಗದಗಿನ ಲೆಕ್ಕ ಬೆಂಗಳೂರಿಗೆ ಪೂರ್ತಿ ಹೊಂದುವುದಿಲ್ಲ. ಇಲ್ಲಿ ಮಾರ್ಚ್‌ನಲ್ಲೂ 35 ದಾಟುವ ದಿನ ಕಮ್ಮಿ. ಇಲ್ಲಿನ ತಲೆನೋವು ಅಕ್ಟೋಬರ್ ಮಳೆ. ನೀರು ನಿಂತರೆ ಕಡಲೆ ಬೇರು ತಡೆಯುವುದಿಲ್ಲ. ಮಳೆ ಬಿಟ್ಟ ಮೇಲೆ, ನವೆಂಬರ್ ಮೊದಲೆರಡು ವಾರದಲ್ಲಿ ಹಾಕುವುದು ಮೇಲು ಅಂತ ನನ್ನ ಅನುಭವ. ಕೆಂಪು ಮಣ್ಣು ಎರೆ ಹಾಗೆ ಹಸಿ ಹಿಡಿದಿಡುವುದಿಲ್ಲ. ಮೊಗ್ಗಿಗೆ ಮುಂಚೆ ಒಂದು, ಕಾಯಿ ತುಂಬುವಾಗ ಒಂದು ನೀರು ಕೊಡಿ. ಸುಮ್ನೆ ದಿನಾ ಪೈಪ್ ಹಿಡಿದರೆ ಬರೀ ಸೊಪ್ಪು ಬೆಳೆಯುತ್ತದೆ.

ಕೈತೋಟದ ಅಕ್ಕ:
ಸೊಪ್ಪು ಬಂದರೆ ಬೇಜಾರೇನು, ಪಲ್ಯ ಮಾಡಿ! ತಿಂಗಳ ಗಿಡದ ಕುಡಿ ಚಿವುಟಿದರೆ ಪಕ್ಕದ ಕವಲು ಜಾಸ್ತಿ ಬರುತ್ತದೆ. ಬೆಳಿಗ್ಗೆ ಚಿವುಟಿ ಬೆರಳು ನೆಕ್ಕಿ ನೋಡಿ, ಹುಳಿ ಹುಳಿ. ಎಲೆಯ ಮೇಲಿನ ಸಣ್ಣ ರೋಮದಿಂದ ಒಸರುವ ಹುಳಿ ಅದು, ಕೈ ಗೀರಿದ್ದರೆ ಉರಿಯುತ್ತದೆ. ತಡವಾಗಿ ಬಿತ್ತಿದರೆ ಮಾತ್ರ ಚಿವುಟಬೇಡಿ, ಹೂ ಇನ್ನೂ ಹಿಂದೆ ಬೀಳುತ್ತದೆ.

ಗದಗಿನವ:
ಅಕ್ಕ ಹೇಳಿದ್ದು ಸರಿ. ಡಿಸೆಂಬರೇ ಗತಿ ಅಂದರೆ ಜೆಜಿ-14 ಬೀಜ ಹುಡುಕಿ ಸರ್, ಬಿಸಿಲು ತಡೆಯುವ ತಳಿ, ತಡವಾದ ಬಿತ್ತನೆಗೇ ಹೇಳುತ್ತಾರೆ. ಒಣ ಕಾಳಿನ ಆಸೆ ಬಿಟ್ಟು ಹಸಿಕಡಲೆಯಲ್ಲೇ ಕಿತ್ತುಬಿಡಿ. ಕೊನೆಯ ಬಿಸಿಲಾದರೂ ತಪ್ಪುತ್ತದೆ.