ಸಹಾಯ ಬೇಕು: ಅಮ್ಮನ ಸಂಧಿವಾತಕ್ಕೆ ಟೊಸಿಲಿಜುಮ್ಯಾಬ್, ಅನುಭವವಿದ್ದವರು ತಿಳಿಸಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ, ಆರು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದು ಎರಡು ಗಂಟೆಯಾದರೂ ಬೆರಳು ಮಡಚಲು ಬರುವುದಿಲ್ಲ. ಹಾಲಿನ ಪ್ಯಾಕೆಟ್ಟನ್ನು ಎರಡು ಅಂಗೈಗಳ ನಡುವೆ ಅದುಮಿ ಹಿಡಿದು ಹಲ್ಲಿನಿಂದ ಹರಿಯುತ್ತಾರೆ. ನೋಡಿದರೆ ಕರುಳು ಹಿಂಡುತ್ತದೆ. ಮೆಥೊಟ್ರೆಕ್ಸೇಟ್‌ನಿಂದ ಸಾಕಷ್ಟು ಗುಣ ಕಾಣದ ಕಾರಣ ವೈದ್ಯರು ಈಗ ಟೊಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ಹೇಳಿದ್ದಾರೆ.

ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ಪ್ರೋಟೀನ್ ತನ್ನ ಗ್ರಾಹಕವನ್ನು (ರಿಸೆಪ್ಟರ್, ಅಂದರೆ ಆ ಸಂದೇಶ ಸ್ವೀಕರಿಸುವ ಪ್ರೋಟೀನ್) ಕೂಡಿಕೊಂಡಾಗ ಉರಿಯೂತ ಕೆರಳುತ್ತದೆ. ಈ ಔಷಧ ಆ ಗ್ರಾಹಕಕ್ಕೆ ತಾನೇ ಅಂಟಿಕೊಂಡು ದಾರಿ ಮುಚ್ಚುತ್ತದೆ. ಜಪಾನಿನಲ್ಲಿ 2008ರಿಂದ ಸಂಧಿವಾತಕ್ಕೆ ಬಳಕೆಯಲ್ಲಿದೆ. ಇಷ್ಟು ಓದಿ ಧೈರ್ಯ ಬಂದಿದೆ.

ದಿಗಿಲು ಇರುವುದು ಸೋಂಕಿನ ಬಗ್ಗೆ. ಈ ಔಷಧ ಜ್ವರವನ್ನೂ, ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನನ್ನೂ ತಗ್ಗಿಸುವುದರಿಂದ, ಒಳಗೆ ಸೋಂಕಿದ್ದರೂ ಜ್ವರವಾಗಲಿ ರಕ್ತಪರೀಕ್ಷೆಯಾಗಲಿ ಸುಳಿವು ಕೊಡದಿರಬಹುದು. ನಿಮ್ಮ ಮನೆಯಲ್ಲಿ ಯಾವ ಲಕ್ಷಣ ಕಂಡ ಕೂಡಲೇ ಆಸ್ಪತ್ರೆಗೆ ಓಡಿದಿರಿ? ಚಿಕ್ಕಮ್ಮನಿಗೆ ಹಿಂದೆ ಕ್ಷಯವಾಗಿತ್ತು, ಆಗ ಎಲ್ಲರೂ ಒಂದೇ ಮನೆಯಲ್ಲಿದ್ದೆವು. ಅಮ್ಮನ ಕ್ಷಯ ಪರೀಕ್ಷೆಯ ವರದಿ ಶುಕ್ರವಾರ ಬರುತ್ತದೆ. ಸುಪ್ತ ಕ್ಷಯ (ಲಕ್ಷಣ ತೋರದೆ ದೇಹದಲ್ಲಿ ಅಡಗಿರುವ ಕ್ಷಯ) ಕಂಡುಬಂದವರು ಎಷ್ಟು ದಿನ ಮಾತ್ರೆ ನುಂಗಿದ ಮೇಲೆ ಇಂಜೆಕ್ಷನ್ ಶುರು ಮಾಡಿದಿರಿ?

ಇನ್ನೊಂದು ವಿಷಯ. ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ತಂದವರಿದ್ದರೆ ಹೇಗೆ ತಂದಿರಿ ಎಂದು ದಯವಿಟ್ಟು ಬರೆಯಿರಿ. ವೆಚ್ಚಕ್ಕೆ ಸರ್ಕಾರಿ ಯೋಜನೆಯ ನೆರವು ಸಿಕ್ಕವರೂ ತಿಳಿಸಿ. ಸೋಮವಾರ ವೈದ್ಯರಿಗೆ ಉತ್ತರ ಹೇಳಬೇಕು.